ಎರವಲು ದನಿ

ಕಾಯಿದೆಯಡಿ ಮಾನಸಿಕ ಆಸ್ಪತ್ರೆಯಲ್ಲಿ ಇರಿಸಿಕೊಂಡವರ ದನಿಯನ್ನು ಗೇಟಿನಲ್ಲೇ ತೆಗೆದಿಟ್ಟುಕೊಳ್ಳುವುದು ಪದ್ಧತಿ. ಬಿಡುಗಡೆಯ ವಿಚಾರಣೆಯ ದಿನ ಆಸ್ಪತ್ರೆಗೆ ಸಂಬಂಧವಿಲ್ಲದ ಯಾರಾದರೂ ತಮ್ಮ ದನಿ ಕೊಡಬೇಕು. ಅಂಬುಜಮ್ಮನದು ಅದೇ ಕೆಲಸ. ಎಂದಿನಂತೆ ಲೋಟದ ನೀರಿಗೆ ದನಿಯನ್ನು ಉಸುರಿ, ಒಳಗಿರಿಸಿದ್ದ ಗಾರೆ ಕೆಲಸದ ದೇವೀರಪ್ಪನ ಕೈಗೆ ಕೊಟ್ಟಳು. ಅವನು ಗಟಗಟ ಕುಡಿದ.

“ಅಯ್ಯೋ, ದೇವರ ಮನೆ ದನಿ! ಇದರಲ್ಲಿ ಬೈಯೋದು ಹೇಗಮ್ಮಾ?”

ಅಂಬುಜಮ್ಮ ಸದ್ದಿಲ್ಲದೆ ನಕ್ಕಳು. ಚಿಕ್ಕಂದಿನಿಂದ ಗಮಕದ ಪದ್ಯ ಹೇಳಿ ಹದವಾದ ಕಂಠ ಅದು.

ವಿಚಾರಣಾ ಮಂಡಳಿಯ ಮುಂದೆ ಅವನು ಗಂಟಲು ಹರಿಯುವಂತೆ ಬೈದೇಬಿಟ್ಟ. “ಮಾತ್ರೆ ಬೇಡ ಅಂದೆನಾ ಸ್ವಾಮಿ? ಕೈ ನಡುಗಿದರೆ ಕರಣೆ ಹಿಡಿಯೋಕಾಗಲ್ಲ, ಕಮ್ಮಿ ಮಾಡಿ ಅಂತ ಸನ್ನೆ ಮಾಡಿದೆ. ಅದನ್ನ ರಂಪ ಅಂತ ಬರ್ಕೊಂಡ್ರಿ. ಅಕ್ಕನ ಮನೆಗೆ ಕಳಿಸಿ, ಅವಳು ನೋಡ್ಕೋತಾಳೆ.”

ಅಧ್ಯಕ್ಷರು ಅಂಬುಜಮ್ಮನತ್ತ ತಿರುಗಿದರು. “ಇನ್ನಾರು ತಿಂಗಳು ಇಲ್ಲೇ ಇದ್ದರೆ ಒಳ್ಳೇದಲ್ವೇನಮ್ಮ? ನೀವೇನಂತೀರಿ?”

ಅವಳಿಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಆದರೆ ಕೊಟ್ಟ ದನಿ ಕೊಟ್ಟದ್ದೇ. ಅವಳು ದೇವೀರಪ್ಪನತ್ತ ಕೈ ತೋರಿಸಿದಳು.

“ಮನೆಗೆ,” ಎಂದ ದೇವೀರಪ್ಪ, ಈ ಸಲ ಮೆಲ್ಲಗೆ.

ಅಧ್ಯಕ್ಷರು ಕಡತ ಮುಚ್ಚಿ, “ಮಾತ್ರೆ ಕಮ್ಮಿ ಮಾಡಿ, ಕಳಿಸಿಕೊಡಿ,” ಎಂದರು. ದೇವೀರಪ್ಪ ಎರವಲು ದನಿಯನ್ನು ಲೋಟಕ್ಕೆ ಉಸುರಿ ಅಂಬುಜಮ್ಮನಿಗೆ ಕೊಟ್ಟು, ಗೇಟಿನಲ್ಲಿ ತನ್ನದನ್ನು ತೆಗೆದುಕೊಂಡು ಹೊರಟ.

ಸಂಜೆ ಗುಡಿಯಲ್ಲಿ ಪದ್ಯ ಎತ್ತಿಕೊಂಡರೆ ಅವಳ ಗಂಟಲು ಗೊರಗೊರ ಎಂದಿತು.

“ಏನ್ರೀ ಅಂಬುಜಮ್ಮ, ದನಿ ಯಾಕೆ ಹಿಂಗಾಗಿದೆ?” ಎಂದರು ಕೇಳಲು ಕೂತವರು.

“ಈವತ್ತು ಒಬ್ಬರನ್ನ ಮನೆಗೆ ಕಳಿಸಿ ಬಂದಿದೆ ಕಣ್ರೀ,” ಎಂದು ತಲೆಯೆತ್ತಿ, ಅದೇ ಒಡಕು ದನಿಯಲ್ಲಿ ಅವಳು ಮುಂದಿನ ಪದ್ಯ ಹಿಡಿದಳು.