ಮರುದಿನದ ಅಂಕಿ

ಆ ಬೆಳಗ್ಗೆ ದೇವನಹಳ್ಳಿ ಸುತ್ತೆಲ್ಲ ದಟ್ಟ ಮಂಜು. ಇಳಿಯಲಾರದ ವಿಮಾನವೊಂದು ಮೇಲೆಲ್ಲೋ ಸುತ್ತುತ್ತಿರುವ ಸದ್ದು ಮಾತ್ರ ಕೇಳುತ್ತಿತ್ತು. ಅಮ್ಮಯಮ್ಮ ಹಿಂದಿನ ಸಂಜೆ ಬರೆದ ಕಾರ್ಡನ್ನು ದೇವರ ಗೂಡಿನಿಂದ ತೆಗೆದು ಅಕ್ಷತಳ ಕೈಗಿಟ್ಟಳು.

ವಿಮಾನಗಳ ಸದ್ದಿನಡಿ ಬದುಕುವ ದಂಪತಿಗಳ ಬಗ್ಗೆ ಅಕ್ಷತ ಅಧ್ಯಯನ ನಡೆಸುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ದಿನಾ ಸಂಜೆ ಬೇರೆಬೇರೆಯಾಗಿ ಎರಡು ಅಂಕಿ ಬರೆಯಬೇಕು: ಭಯ ಎಷ್ಟು, ಎದೆನೋವು ಎಷ್ಟು. ಸೊನ್ನೆಯಿಂದ ಹತ್ತರವರೆಗೆ. ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲವೆಂದು ಅವಳು ಮಾತು ಕೊಟ್ಟಿದ್ದಳು.

ಗಂಡನ ನೋವು ಏರಿದ ಮೇಲೆ ಹೆಂಡತಿಯ ಭಯ ಏರುತ್ತದೆಂದು ಅವಳು ಎಣಿಸಿದ್ದಳು. ಈ ಮನೆಯ ಮೂವತ್ತೆಂಟು ದಿನಗಳ ಅಂಕಿಗಳನ್ನು ಜೋಡಿಸಿ ನೋಡಿದರೆ ಲೆಕ್ಕ ತಿರುಗುಮುರುಗಾಗಿತ್ತು. ಅಮ್ಮಯಮ್ಮನ ಭಯ ಏರಿದ ಮರುದಿನ ಗಂಡ ರಾಮಾಂಜಿನಪ್ಪನ ನೋವು ಏರುತ್ತಿತ್ತು. ಅವಳ ಐದಕ್ಕೆ ಅವನ ಮೂರು, ಏಳಕ್ಕೆ ಐದು, ಎಂಟಕ್ಕೆ ಆರು. ಒಮ್ಮೆಯೂ ತಪ್ಪಿರಲಿಲ್ಲ.

ಕೈಯಲ್ಲಿದ್ದ ಕಾರ್ಡಿನಲ್ಲಿ ಭಯದ ಅಂಕಿ ಹತ್ತು ಇತ್ತು.

"ಯಾಕಮ್ಮ, ಹತ್ತು?"

"ನಿನ್ನೆ ಹುಳಕ್ಕೆ ಸೊಪ್ಪಿನ ಹೊರೆ ತರೋವಾಗ ನಮ್ಮನೆಯವ್ರು ಮೂರು ಕಡೆ ನಿಂತ್ರು. ಬೇಲಿ ನೋಡೋರಂಗೆ ನಿಲ್ತಾರೆ. ಬೇಲೀಲಿ ನೋಡಾಕೆ ಏನೈತೆ?"

ನಿನ್ನೆಯ ಮರುದಿನ ಎಂದರೆ ಇವತ್ತು. ಅಕ್ಷತ ಹಿತ್ತಲಿನ ಹುಳುಮನೆಗೆ ಓಡಿದಳು. ರಾಮಾಂಜಿನಪ್ಪ ಹಣ್ಣಾದ ರೇಷ್ಮೆಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ.

"ನನ್ನ ಲೆಕ್ಕದಂತೆ ಇವತ್ತು ನಿಮ್ಮ ನೋವು ಜೋರಾಗುತ್ತೆ. ಕಾರು ತಂದಿದ್ದೀನಿ. ಈಗಲೇ ಆಸ್ಪತ್ರೆಗೆ ಹೋಗೋಣ, ಏಳಿ."

"ಇವತ್ತಾ? ಇವು ತಟ್ಟೇಲೇ ಗೂಡು ಕಟ್ಬಿಡ್ತವೆ ಕಣಮ್ಮ. ನಿಂದೇನು ಲೆಕ್ಕವೋ, ಗಿಣಿಶಾಸ್ತ್ರವೋ?" ಅವನು ನಕ್ಕ. ಹಣೆಯ ಮೇಲೆ ಆ ಚಳಿಯಲ್ಲೂ ಬೆವರಿತ್ತು. ಆಮೇಲೆ ದನಿ ತಗ್ಗಿಸಿ, "ನಾನು ಬರ್ದಿದ್ದನ್ನ ಅವಳಿಗೆ ಹೇಳಂಗಿಲ್ಲ. ಮಾತು ಕೊಟ್ಟಿದ್ದೀಯ. ಎದೆ ಒಡ್ಕೊಂಡ್ಬಿಡ್ತಾಳೆ," ಎಂದ. ಅವನ ಬೆರಳಿನಿಂದ ಹುಳುವೊಂದು ಜಾರಿ ನೆಲಕ್ಕೆ ಬಿತ್ತು. ಅದನ್ನೆತ್ತಲು ಅವನು ಬಗ್ಗಲಿಲ್ಲ.

ಅಕ್ಷತ ಅಂಗಳಕ್ಕೆ ಬಂದಳು. ದೇವರೇ, ಕ್ಷಮಿಸು ಎಂದುಕೊಂಡು ರಾಮಾಂಜಿನಪ್ಪನ ಕಾರ್ಡುಗಳ ಕಟ್ಟನ್ನು ಚೀಲದಿಂದ ತೆಗೆದು ಅಮ್ಮಯಮ್ಮನ ಮುಂದೆ ಹಿಡಿದಳು. "ನೀವೇ ಓದಿ. ನೀವು ಹೇಳಿದ್ರೆ ಏಳ್ತಾರೆ."

ಅಮ್ಮಯಮ್ಮ ಕಟ್ಟನ್ನು ತೆಗೆದುಕೊಂಡಳು. ಬಿಚ್ಚಲಿಲ್ಲ. ಒಂದು ಗಳಿಗೆ ಎರಡೂ ಕೈಯಲ್ಲಿ ಹಿಡಿದಿದ್ದು, ಹಿಂದಕ್ಕೆ ಕೊಟ್ಟಳು.

"ಅವರದು ನಂಗೆ ಗೊತ್ತೈತೆ, ತಾಯಿ. ನನ್ನ ಹತ್ತನ್ನ ಒಯ್ದು ಅವ್ರಿಗೆ ತೋರ್ಸು, ಏಳ್ತಾರೆ. ನೋವು ಅವರೊಬ್ಬರದೇ ಅಂದ್ಕೊಂಡವ್ರೆ."