ನಾಲ್ಕನೇ ಮೊದಲ ರಾತ್ರಿ

ಧಾರಾವಾಹಿಯ ಮುನ್ನೂರ ಹನ್ನೆರಡನೇ ಕಂತು. ನಾಯಕ ನಾಯಕಿಗೆ ಇದು ನಾಲ್ಕನೇ ಮೊದಲ ರಾತ್ರಿ. ಮೊದಲ ಸಲ ಕರೆಂಟು ಹೋಗಿತ್ತು, ಆಮೇಲೆ ಹಾಲು ಚೆಲ್ಲಿತ್ತು, ಮೂರನೆಯ ಸಲ ಮಾವನಿಗೆ ಎದೆನೋವು ಬಂದಿತ್ತು.

“ಇವತ್ತು ಯಾರು ಸಾರ್ ಬಾಗಿಲು ತಟ್ಟೋದು?” ಹಾಲಿನ ಲೋಟ ಹಿಡಿದಿದ್ದ ನಾಯಕಿ ನಿರ್ದೇಶಕರನ್ನು ಕೇಳಿದಳು.

“ಅತ್ತೆ.”

“ಬೇಡ ಸಾರ್. ಇವತ್ತು ಇಬ್ಬರನ್ನೂ ಒಂದು ಮಾಡಿಬಿಡಿ.”

“ಒಂದಾದ ವಾರವೇ ಟಿಆರ್‌ಪಿ ಬಿದ್ದುಹೋಗುತ್ತಮ್ಮ. ಇನ್ನೊಂದು ಆರು ತಿಂಗಳು ಎಳೆಯೋಣ.”

“ಅಷ್ಟರಲ್ಲಿ ನನ್ನ ಪಾತ್ರಕ್ಕೆ ಬೇರೆ ಯಾರನ್ನೋ ಹಾಕ್ಕೊಂಡಿರ್ತೀರಿ.”

“ಮುನ್ನೂರು ಕಂತು ಕಾದವಳಿಗೆ ಈಗೇನಮ್ಮ ಅವಸರ?”

ಸೆಟ್ಟಿನಲ್ಲಿದ್ದವರೆಲ್ಲ ನಕ್ಕರು. ಅವಳು ಸೆರಗು ಸರಿಮಾಡಿಕೊಂಡಳು.

“ನಮ್ಮನೇಲಿ ಯಾರೂ ಬಾಗಿಲು ತಟ್ಟಲಿಲ್ಲ ಸಾರ್. ನನಗೀಗ ನಾಲ್ಕು ತಿಂಗಳು.”