ಮಧ್ಯಾಹ್ನವೇ ತಾನೆ?

"ಕಳ್ಳರು ಟೀಚರ್ ಮನೆಯ ಬೀರು ಗುಡಿಸಿ ಗುಂಡಾಂತರ ಮಾಡಿದ್ದಾರೆ ಕಣಮ್ಮ," ಎಂದರು ಮೂಲೆಮನೆಯ ಆಂಟಿ, ಪಾರ್ಲರಿನ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡೇ. ಬಡಾವಣೆಯ ಸುದ್ದಿಯೆಲ್ಲ ಮೊದಲು ಅವರಿಗೇ ಸಿಗುತ್ತಿದ್ದರಿಂದ ಬೆನ್ನ ಹಿಂದೆ ಎಲ್ಲರೂ ಅವರನ್ನು ವಾರ್ತೆ ಆಂಟಿ ಎನ್ನುತ್ತಿದ್ದರು. "ಮೊದಲು ಆಚೆ ಬಡಾವಣೆಯಲ್ಲಿ, ಆಮೇಲೆ ಪಾರ್ಕಿನ ಹಿಂದುಗಡೆ, ಈಗ ನಮ್ಮ ಪಕ್ಕದ ರಸ್ತೆಗೇ ಬಂತು. ಇದೆಲ್ಲ ಶುರುವಾಗಿದ್ದೇ ಈಚೆಗೆ. ಯಾರೋ ಹೊಸಬರು ಬಂದು ಸೇರ್ಕೊಂಡಿದ್ದಾರೆ, ನೋಡ್ತಿರು."

ಪಾರ್ಲರಿನವಳು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ ದಾರ ಜಾರಿ, ಹುಬ್ಬಿನ ಕೂದಲ ಬದಲು ಚರ್ಮವನ್ನೇ ಎಳೆಯಿತು. ಆಂಟಿ ಮುಖ ಹಿಂಡಿದರು. ಅವಳು ಹತ್ತಿ ಒತ್ತಿದಳು. ಈಚೆಗೆ ಬಂದ ಹೊಸಬ ಅವಳ ಮನೆಯಲ್ಲೇ ಇದ್ದ. ಒಡಹುಟ್ಟಿದ ತಮ್ಮ. ಗೆಳೆಯರು ಅಂಗಡಿಯೊಂದರ ಬೀಗ ಒಡೆಯುವಾಗ ಹೊರಗೆ ವ್ಯಾನಿನಲ್ಲಿ ಕಾದು ಕೂತಿದ್ದಕ್ಕೆ ಜೈಲು ಸೇರಿ, ಅಲ್ಲೇ ಸೋಫಾ ಕೆಲಸ ಕಲಿತು, ಬಿಡುಗಡೆಯಾದ ಮೇಲೆ ಒಬ್ಬಳೇ ಇದ್ದ ಅಕ್ಕನ ಮನೆಗೆ ಬಂದು, ಸೋಫಾ ವರ್ಕ್‌ಶಾಪೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದ. ಬೇರೆ ಊರಲ್ಲಿ ಕೆಲಸದಲ್ಲಿದ್ದ ಎಂದಷ್ಟೇ ಅವಳು ಅಕ್ಕಪಕ್ಕದವರಿಗೆ ಹೇಳಿದ್ದಳು.

ಅಂದು ಸಂಜೆ ಅವನು ಬಾಗಿಲಲ್ಲಿ ಬೂಟು ಬಿಚ್ಚುವಾಗ ಅವಳ ಕಣ್ಣು ಅಲ್ಲೇ ಇತ್ತು. ಅಂಚಿಗೆಲ್ಲ ಹಸಿ ಮಣ್ಣು.

"ವರ್ಕ್‌ಶಾಪಿನಿಂದ ಇಲ್ಲಿವರೆಗೂ ಟಾರು ರಸ್ತೆ. ಈ ಮಣ್ಣೆಲ್ಲಿಂದ ಬಂತೋ?"

"ಸುತ್ತು ಹಾಕ್ಕೊಂಡು ಬಂದೆ ಅಕ್ಕ."

"ಯಾಕೆ?"

"ಸುಮ್ನೆ."

ತಟ್ಟೆಯ ಮುಂದೆ ಕೂತಾಗ ಅವನ ಮುಂಗೈ ಮೇಲೊಂದು ಗೀರು ಕಂಡಿತು. ಕೇಳಿದ್ದಕ್ಕೆ, ಹಳೇ ಸೋಫಾದ ಸ್ಪ್ರಿಂಗ್ ಕಿತ್ತು ಬಡಿಯಿತು ಎಂದ. ಉತ್ತರ ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿದ್ದದ್ದೇ ಅವಳಿಗೆ ಸರಿಬೀಳಲಿಲ್ಲ. ಮಾರನೇ ದಿನ ಏನೋ ನೆಪ ಮಾಡಿ ವರ್ಕ್‌ಶಾಪಿನ ಮಾಲೀಕರಿಗೆ ಫೋನ್ ಹಚ್ಚಿದಳು. "ಅವನು ದಿನಾ ಬೇಗ್ಲೇ ಹೊರಡ್ತಾನಲ್ಲಮ್ಮ, ಮನೆಗೆ ಬರಲ್ವಾ?" ಎಂದರು ಅವರು. ಫೋನಿಟ್ಟವಳೇ ಬೀರು ತೆಗೆದು, ಅಮ್ಮನ ಸರವನ್ನು ಕರವಸ್ತ್ರದಲ್ಲಿ ಸುತ್ತಿ, ಮನೆಯ ಮುಂಗೋಣೆಯಲ್ಲೇ ಇದ್ದ ಪಾರ್ಲರಿನ ಬ್ಲೀಚ್ ಪುಡಿಯ ಡಬ್ಬಗಳ ಹಿಂದೆ ತುರುಕಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅತ್ತರೂ ಸರವನ್ನು ವಾಪಸ್ ಇಡಲಿಲ್ಲ.

ಪಾರ್ಲರಿಗೆ ರಜೆಯಿದ್ದ ದಿನ ತಮ್ಮ ತಾನಾಗಿಯೇ ಹೇಳಿದ: "ನಿನ್ನ ಈ ಕುರ್ಚಿ ಕೂತವರ ಬೆನ್ನು ಕಚ್ಚುತ್ತಲ್ಲ ಅಕ್ಕ. ತಾ, ಹೊಸ ರೆಕ್ಸಿನ್ ಹಾಕ್ಕೊಡ್ತೀನಿ." ಬೆಳಿಗ್ಗೆಯಿಂದ ಇಬ್ಬರೂ ಹೊಸ್ತಿಲು ದಾಟಲಿಲ್ಲ. ಅವನು ಹಳೆಯದನ್ನು ಕಿತ್ತ, ಸ್ಪಂಜು ಕತ್ತರಿಸಿದ. ಅವಳು ರೆಕ್ಸಿನ್ ಎಳೆದು ಹಿಡಿದುಕೊಂಡಳು. "ಬಿಗಿಯಾಗಿ ಹಿಡಿ, ಊಟ ಮಾಡಿಲ್ವಾ?" ಎಂದು ಅವನು ಗದರಿಸಿದಾಗ ಅವಳಿಗೆ ಥೇಟ್ ಅಪ್ಪನೇ ಮಾತಾಡಿದಂತೆ ಕೇಳಿಸಿತು. ಮಧ್ಯಾಹ್ನ ಅದೇ ಕೋಣೆಯಲ್ಲಿ, ಸ್ಪಂಜಿನ ಚೂರುಗಳ ನಡುವೆಯೇ ಕೂತು ಉಂಡರು.

ಸಂಜೆ ವಾರ್ತೆ ಆಂಟಿ ಏದುಸಿರು ಬಿಡುತ್ತಾ ಬಂದರು. "ಗೊತ್ತಾಯ್ತೇನೇ? ಹಿಂದಿನ ಬೀದಿ ಡಾಕ್ಟರ್ ಮನೆ. ಮಧ್ಯಾಹ್ನ ಎಲ್ಲರೂ ಹೋಟೆಲಿಗೆ ಊಟಕ್ಕೆ ಹೋಗಿ ಬರೋದ್ರೊಳಗೆ ಹಿಂಬಾಗಿಲು ಮುರಿದಿದ್ದಾರೆ."

"ಮಧ್ಯಾಹ್ನವೇ ತಾನೆ?"

"ಹೂಂ, ಮಧ್ಯಾಹ್ನವೇ."

"ಇವತ್ತು? ಸರಿಯಾಗಿ ಗೊತ್ತಾ ಆಂಟಿ?"

"ಹೋಗುವಾಗ ನನ್ನ ಹತ್ರಾನೇ ನಿಂತು ಮಾತಾಡಿ ಹೋದ್ರಲ್ಲೇ. ಎದುರು ಮನೆ ಕ್ಯಾಮೆರಾದಲ್ಲಿ ಇಬ್ಬರು ಗೋಡೆ ಹಾರೋದು ಕಾಣಿಸ್ತಿದೆಯಂತೆ."

ಅವಳ ಮುಖ ಅರಳಿತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. "ಕೂತ್ಕೊಳ್ಳಿ ಆಂಟಿ, ಟೀ ಮಾಡ್ತೀನಿ. ಏನಾದ್ರೂ ತಿಂದೇ ಹೋಗ್ಬೇಕು," ಎಂದು ಅವರ ಕೈ ಹಿಡಿದೆಳೆದಳು.

"ಅವರ ಮನೆ ತೊಳೆದು ಹೋಗಿದೆ, ನಿನಗೆ ಮಗು ಹುಟ್ಟಿದಷ್ಟು ಸಂಭ್ರಮವಲ್ಲೇ," ಎಂದ ಆಂಟಿ ಅವಳನ್ನೇ ಅನುಮಾನದಿಂದ ಮೇಲಿಂದ ಕೆಳಗೆ ನೋಡಿ, ಕೈ ಬಿಡಿಸಿಕೊಂಡು, ಸುದ್ದಿಯನ್ನು ಮುಂದಿನ ಮನೆಗೆ ಒಯ್ದರು.

ಬಾಗಿಲು ಹಾಕಿ ತಿರುಗಿದಳು. ತಮ್ಮ, ತುಟಿಯಲ್ಲಿ ಕಚ್ಚಿಕೊಂಡಿದ್ದ ಸಣ್ಣ ಮೊಳೆಗಳನ್ನು ಅಂಗೈಗೆ ಉಗಿದುಕೊಂಡು ಅವಳನ್ನೇ ನೋಡುತ್ತಿದ್ದ.

"ನಗ್ತಾ ಇದ್ದೀಯ ಅಕ್ಕ."

"ಇಲ್ವೋ. ನಾನ್ಯಾಕೆ ನಗ್ಲಿ?"

"ಅದನ್ನೇ ನಾನೂ ಕೇಳ್ತಿರೋದು."

ಅವಳ ನಗು ಎಲ್ಲಿತ್ತೋ ಅಲ್ಲೇ ಹೆಪ್ಪುಗಟ್ಟಿತು. "ನಿನ್ನ ಬೂಟಿನ ಮಣ್ಣು… ವರ್ಕ್‌ಶಾಪಿನಿಂದ ಬೇಗ ಬಿಡ್ತೀಯಂತೆ, ತಡವಾಗಿ ಬರ್ತೀಯ… ನಾನಾದ್ರೂ ಏನಂದ್ಕೊಳ್ಲೋ?"

"ಕೆರೆ ಏರಿ ಮೇಲೆ ಸುತ್ಕೊಂಡು ಬರ್ತೀನಿ. ಕಳವಾದ ಬೀದಿಗಳಲ್ಲಿ ನಾನು ಓಡಾಡಿದ್ದು ಯಾರ ಕಣ್ಣಿಗಾದ್ರೂ ಬಿದ್ರೆ ನಾಳೆ ನಿನ್ನ ಪಾರ್ಲರಿಗೆ ಒಬ್ಬರೂ ಬರಲ್ಲ ಅಂತ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಅವನು ಮತ್ತೆ ಮಂಡಿಯೂರಿ, ರೆಕ್ಸಿನ್ನಿನ ಕೊನೆಯ ಮೂಲೆಯನ್ನು ಮಡಚಿ, ಸುತ್ತಿಗೆ ಎತ್ತಿಕೊಂಡ.

"ಇವತ್ತಿನದಕ್ಕೆ ನೀನೇ ಸಾಕ್ಷಿ ಅಕ್ಕ," ಎಂದ, ತಲೆಯೆತ್ತದೆ. "ನಾಳೆ ಆಗೋದಕ್ಕೆ?"